ತಲೆಕೆಳಗಾದ ಎಲೆ

ಪುಟ್ಟಕ್ಕ ಕ್ಯಾನು ತೊಳೆಯುತ್ತಿದ್ದಳು.

ನಲ್ಲಿಯ ಕೆಳಗೆ ಹಿಡಿದು ಅರ್ಧ ತುಂಬಿಸುವುದು, ಬಾಯಿಗೆ ಅಂಗೈ ಮುಚ್ಚಿ ಕುಲುಕುವುದು, ಚೆಲ್ಲುವುದು, ಮತ್ತೆ ತುಂಬಿಸುವುದು. ಆಮೇಲೆ ಗೋಡೆಗೆ ಸಾಲಾಗಿ ಹೊಡೆದಿದ್ದ ಮರದ ಗೂಟವೊಂದಕ್ಕೆ ಕ್ಯಾನಿನ ಬಾಯಿ ಸಿಕ್ಕಿಸಿ ಬೋರಲು ಹಾಕುವುದು. ನೀರು ತೊಟ್ಟಿಕ್ಕಿ ಒಣಗಿದ ಕ್ಯಾನು ಮತ್ತೆ ನೆಲ ತೊಳೆಯುವ ದ್ರವ ತುಂಬಿಕೊಂಡು ಮಹಡಿ ಹತ್ತಬೇಕು.

ಹೊಸ್ತಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರಮ್ಮ ಕಾದು ನೋಡುತ್ತಿದ್ದಳು. ದುಃಖದಲ್ಲಿರುವವರ ಕೈಕೆಲಸ ನಿಲ್ಲಿಸಬಾರದು ಎಂಬುದು ಈ ಕೆಲಸಕ್ಕೆ ಸೇರಿದ ಮೇಲೆ ಆಕೆ ಕಲಿತ ಪಾಠ. ಕೈ ನಿಂತರೆ ಕಣ್ಣೀರು ಶುರುವಾಗುತ್ತದೆ. ಕಣ್ಣೀರು ಶುರುವಾದರೆ ಮಾತು ಸಿಗುವುದಿಲ್ಲ.

ನಡುವೆ ಒಮ್ಮೆ ಪುಟ್ಟಕ್ಕ ಕಿಟಕಿಯ ಸರಳಿಗೆ ಸಿಕ್ಕಿಸಿದ್ದ ಹಳೆಯ ರಬ್ಬರ್ ಕೈಗವಸು ತೆಗೆದು ಹಾಕಿಕೊಂಡಳು. ಒಂದು ಕ್ಯಾನು ತೊಳೆದಾದ ಮೇಲೆ ಕಳಚಿ ಮತ್ತೆ ಅಲ್ಲೇ ಸಿಕ್ಕಿಸಿದಳು. ತಣ್ಣೀರಿಗೆ ಬೆರಳು ಮರಗಟ್ಟಿರಬೇಕು, ಪಾಪ, ಎಂದುಕೊಂಡಳು ಇನ್‌ಸ್ಪೆಕ್ಟರಮ್ಮ.

ಪಕ್ಕದ ಬಾಗಿಲಿಗೆ ಇನ್ನೂ ಪೊಲೀಸರ ಬೀಗವಿತ್ತು. ಹೋದ ವಾರ ಆ ಪಾಯಿಖಾನೆಯ ನೆಲದ ಮೇಲೆ ಪುಟ್ಟಕ್ಕನ ಒಡಹುಟ್ಟಿದ ಅಕ್ಕ, ಇಡೀ ನಗರಸಭೆ ಕಚೇರಿ ದೊಡ್ಡಕ್ಕ ಎಂದು ಕರೆಯುತ್ತಿದ್ದ ಹೆಂಗಸು, ಉಸಿರುಕಟ್ಟಿ ಸತ್ತು ಬಿದ್ದಿದ್ದಳು.

ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಬಿದ್ದಿತ್ತು. ಎರಡೂ ಸೇರಿ ಎದ್ದ ವಿಷದ ಹೊಗೆ, ಕಿಟಕಿಯಿಲ್ಲದ ಕೋಣೆ. ಅಷ್ಟು ಮಾತ್ರ ವೈದ್ಯರ ವರದಿಯಲ್ಲಿತ್ತು. ಆದರೆ ಈ ಕಟ್ಟಡಕ್ಕೆ ಆಸಿಡ್ ತರಿಸುವುದು ನಿಂತು ವರ್ಷವಾಗಿತ್ತು. ಪರಿಸರಕ್ಕೆ ಕೇಡಾಗುವ ಯಾವುದನ್ನೂ ಕೊಳ್ಳಬಾರದು ಎಂದು ನಗರಸಭೆ ನೀತಿ ಮಾಡಿತ್ತು. ಆಸಿಡ್ ಇದ್ದ ಕ್ಯಾನೂ ಸಿಕ್ಕಿರಲಿಲ್ಲ. ಹಾಗಾಗಿ ಕಚೇರಿಯವರು ಮೆಟ್ಟಿಲ ಬಳಿ ಒಂದು ನೋಟಿಸು ಅಂಟಿಸಿ ಕೈ ತೊಳೆದುಕೊಂಡಿದ್ದರು. ‘ಮೃತ ನೌಕರಳು ನಿಷೇಧಿತ ಆಸಿಡನ್ನು ಹೊರಗಿನಿಂದ ತಂದು ಬಳಸಿದ್ದೇ ದುರಂತಕ್ಕೆ ಕಾರಣ.’

"ಆ ಹಾಳೆ ಇನ್ನೂ ಅಲ್ಲೇ ಇದೆ," ಎಂದಳು ಪುಟ್ಟಕ್ಕ, ತಿರುಗದೆ.

"ನೋಡಿದೆ."

"ದಿನಾ ಅದರ ಮುಂದೇನೇ ಗುಡಿಸ್ಬೇಕು ನಾನು. ಎಲ್ಲರೂ ನಿಂತು ಓದ್ತಾರೆ. ಓದಿ ನನ್ನ ಮುಖ ನೋಡ್ತಾರೆ. ಸತ್ತೋಳೇ ತನ್ನ ಸಾವು ತಂದ್ಕೊಂಡ್ಳು ಅಂತ." ಅವಳು ಇನ್ನೊಂದು ಕ್ಯಾನು ಬೋರಲು ಹಾಕಿದಳು. "ಅಕ್ಕ ಕದ್ದು ಮುಚ್ಚಿ ತರೋಳಲ್ಲ, ಮೇಡಂ. ಸುಳ್ಳಿಯೂ ಅಲ್ಲ. ಆ ಹಾಳೆ ಒಂದು ತೆಗೆಸ್ಕೊಡಿ. ಬೇರೇನೂ ಬೇಡ ನಂಗೆ."

"ತೆಗೆಸೋಕೆ ಆ ಕ್ಯಾನು ಸಿಗ್ಬೇಕಮ್ಮ. ಬರೀ ನಮ್ಮ ನಂಬಿಕೆ ಸಾಲದು."

ಪುಟ್ಟಕ್ಕ ಒಮ್ಮೆ ಮಾತ್ರ ತಲೆಯೆತ್ತಿ ಗೂಟಗಳ ಸಾಲನ್ನು ನೋಡಿದಳು. ಇನ್‌ಸ್ಪೆಕ್ಟರಮ್ಮನ ಕಣ್ಣೂ ಅತ್ತ ಹೋಯಿತು.

ಬಿಳಿಯ ಕ್ಯಾನುಗಳು, ಪ್ರತಿಯೊಂದರ ಮೈಮೇಲೂ ಪರಿಸರಕ್ಕೆ ಕೇಡಿಲ್ಲದ್ದು ಎನ್ನುವ ಒಂದು ಹಸಿರು ಎಲೆಯ ಗುರುತು. ಬೋರಲು ಹಾಕಿದ್ದರಿಂದ ಎಲೆಗಳೆಲ್ಲ ತುದಿ ಕೆಳಗಾಗಿ ಜೋತಾಡುವಂತೆ ಕಾಣುತ್ತಿದ್ದವು. ಒಂದನ್ನು ಬಿಟ್ಟು. ಕಿಟಕಿಯ ಪಕ್ಕದ ಗೂಟದಲ್ಲಿದ್ದ ಕ್ಯಾನಿನ ಎಲೆ ಮಾತ್ರ ಗಿಡದಲ್ಲಿದ್ದಂತೆ ನೆಟ್ಟಗೆ, ತುದಿ ಮೇಲಾಗಿ ನಿಂತಿತ್ತು.

ಇನ್‌ಸ್ಪೆಕ್ಟರಮ್ಮ ಕರವಸ್ತ್ರ ಸುತ್ತಿ ಅದನ್ನು ಇಳಿಸಿದಳು. ಉಳಿದವುಗಳ ಎಲೆ ಪ್ಲಾಸ್ಟಿಕ್ಕಿನ ಮೇಲೇ ಅಚ್ಚಾಗಿತ್ತು. ಇದರ ಎಲೆ ಅಂಟಿಸಿದ ಚೀಟಿ. ಅವಸರದಲ್ಲಿ, ತಲೆಕೆಳಗಾಗಿ ಅಂಟಿಸಿದ್ದು. ಉಗುರಿನಿಂದ ಮೂಲೆ ಎಬ್ಬಿಸಿದರೆ ಕೆಳಗೆ ಕೆಂಪು ಬಣ್ಣ ಇಣುಕಿತು. ಇನ್ನೂ ಸ್ವಲ್ಪ ಎಬ್ಬಿಸಿದರೆ ಆಸಿಡ್ ಕ್ಯಾನುಗಳ ಮೇಲಿರುವ ಅಪಾಯದ ತ್ರಿಕೋನ.

ಆಕೆ ವಾರವಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ್ದು ಇದನ್ನೇ. ಗುರುತಿಲ್ಲದ ಶೀಷೆ, ಡಬ್ಬ, ಬಕೆಟ್ಟು ಎಲ್ಲವನ್ನೂ ಪರೀಕ್ಷೆಗೆ ಕಳಿಸಿದ್ದಳು. ಎಲೆ ಇದ್ದವನ್ನು ಮುಟ್ಟಿರಲಿಲ್ಲ. ಎಲೆ ಇದೆಯಲ್ಲ, ನೋಡುವುದೇನು ಎಂದು ಅವಳಿಗೂ ಅನಿಸಿತ್ತು.

"ಇದು ಎಲ್ಲಿಂದ ಬಂತು?"

"ಖಾಲಿ ಕ್ಯಾನು ಎಲ್ಲೆಲ್ಲಿಂದಲೋ ಬರುತ್ತೆ, ಮೇಡಂ. ಲೈಬ್ರರಿಯಿಂದ, ಸಭಾಂಗಣದಿಂದ. ಹೊಸ ಕ್ಯಾನು ಕೊಳ್ಳೋ ಹಾಗಿಲ್ಲ, ಹಳೇದನ್ನ ಎಸೆಯೋ ಹಾಗಿಲ್ಲ. ನಾವು ತೊಳೆದು ಬೋರಲು ಹಾಕ್ತೀವಿ, ಉಗ್ರಾಣದವ್ರು ತುಂಬಿಸ್ತಾರೆ."

"ನಿಮ್ಮಕ್ಕ ಅವತ್ತು ಸುರಿದಿದ್ದು ಇದನ್ನೇ ಇರಬಹುದು."

ಪುಟ್ಟಕ್ಕ ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟಳು.

ಕ್ಯಾನಿನ ಒಳಗೆ ಹನಿಯಾದರೂ ಉಳಿದಿದೆಯೇ ಎಂದು ಬಗ್ಗಿ ನೋಡಿ ಇನ್‌ಸ್ಪೆಕ್ಟರಮ್ಮ ನಾಲಿಗೆ ಕಚ್ಚಿಕೊಂಡಳು. ಚೊಕ್ಕಟವಾಗಿ ತೊಳೆದಾಗಿತ್ತು. ಸಾಕ್ಷಿ ಚರಂಡಿಗೆ ಹರಿಯುತ್ತಿದ್ದಾಗ ಪೊಲೀಸಿನವಳೊಬ್ಬಳು ಬಾಗಿಲಲ್ಲಿ ನಿಂತು ಪಾಪ ಎಂದುಕೊಂಡಿದ್ದಳು.

*

ಮೆಟ್ಟಿಲ ತಿರುವಿನಲ್ಲಿ ಜವಾನ ಸ್ಟೂಲಿನ ಮೇಲೆ ಕೂತು ಬಳಸಿದ ಲಕೋಟೆಗಳನ್ನು ಬಿಡಿಸಿ, ಒಳಗು ಹೊರಗು ಮಾಡಿ, ಮತ್ತೆ ಅಂಟಿಸುತ್ತಿದ್ದ. ಆಕೆಯನ್ನು ಕಂಡು ಎದ್ದ.

"ಹಸಿರು ಮೇಷ್ಟ್ರ ಹತ್ರ ಹೊರಟ್ರಾ, ಮೇಡಂ? ಹೋಗಿ. ಫ್ಯಾನು ಮಾತ್ರ ಕೇಳ್ಬೇಡಿ."

ಹಸಿರು ಮೇಷ್ಟ್ರು ಎಂದರೆ ಖರೀದಿ ಅಧಿಕಾರಿ. ಪಾಠ ಹೇಳಿದವರೇನೂ ಅಲ್ಲ. ಪೆನ್ಸಿಲಿನಿಂದ ಹಿಡಿದು ಲಾರಿಯವರೆಗೆ ಏನು ಕೊಳ್ಳಬೇಕಾದರೂ ಎಲ್ಲರನ್ನೂ ನಿಲ್ಲಿಸಿಕೊಂಡು ಬೋಧನೆ ಮಾಡುತ್ತಿದ್ದುದರಿಂದ ಬಂದ ಹೆಸರು.

"ಹಾಳೆಯ ಎರಡೂ ಮಗ್ಗುಲು ಬರೀಬೇಕು ಅಂತಾರೆ. ಮೂರನೇ ಮಗ್ಗುಲು ಇದ್ದಿದ್ರೆ ಅದನ್ನೂ ಬಿಡ್ತಿರ್ಲಿಲ್ಲ," ಎಂದು ಜವಾನ ಲಕೋಟೆಗೆ ಅಂಟು ಸವರಿದ. ಆಕೆಯ ಕೈಯಲ್ಲಿದ್ದ ಕ್ಯಾನಿನ ಮೇಲೆ ಅವನ ಕಣ್ಣು ಬಿತ್ತು. "ಓ, ಇದು ಅವ್ರ ಡ್ರಾಯರಿನ ಎಲೆ."

"ಡ್ರಾಯರಿನ ಎಲೆ?"

"ಒಂದು ಸುರುಳಿ ಮಾಡಿಸಿ ಇಟ್ಕೊಂಡಿದ್ದಾರೆ. ಅವ್ರ ಪರೀಕ್ಷೇಲಿ ಪಾಸಾದ ವಸ್ತುಗೆಲ್ಲ ಒಂದೊಂದು. ಬಲ್ಬಿಗೆ, ಕುರ್ಚಿಗೆ, ನಲ್ಲಿಗೆ. ನಾನು ಬೀಡಿ ಬಿಟ್ಟ ದಿನ ನನ್ನ ಬೆನ್ನಿಗೂ ಒಂದು ಅಂಟಿಸಿದ್ರು. ಮನೆಗೆ ಹೋಗೋವರ್ಗೂ ಗೊತ್ತಾಗ್ಲಿಲ್ಲ. ಹೆಂಡ್ತಿ ನೋಡಿ, ಇದು ಯಾರು ಕೊಟ್ಟ ಸರ್ಟಿಫಿಕೇಟು ಅಂದ್ಳು."

"ಬೇರೆ ಯಾರ ಹತ್ರಾನೂ ಇಲ್ವಾ?"

"ಅಯ್ಯೋ, ಮುಟ್ಟೋಕೆ ಬಿಡ್ತಾರಾ?" ನಗಲು ಹೊರಟವನು ಕೆಳಗಿನಿಂದ ಕೇಳುತ್ತಿದ್ದ ನೀರಿನ ಸದ್ದಿಗೆ ಸ್ವರ ತಗ್ಗಿಸಿದ. "ಮೇಡಂ, ಒಂದು ಮಾತು. ದೊಡ್ಡಕ್ಕ ಆಸಿಡ್ ಅಂತ ತಿಳಿದೂ ಸುರಿಯೋಳಲ್ಲ. ಆದ್ರೆ ವಾಸನೆ ಅವ್ಳಿಗೆ ಗೊತ್ತಾಗ್ತಿರ್ಲಿಲ್ಲ. ಅಷ್ಟು ವರ್ಷ ಆಸಿಡ್ ಹೊಗೆ ಕುಡಿದ ಮೂಗು. ಹೊತ್ತಿ ಉರಿದ್ರೂ ಏನು ಉರೀತಿದೆ ಅಂತ ಇನ್ನೊಬ್ಬರನ್ನ ಕೇಳ್ಬೇಕಿತ್ತು. ಪುಟ್ಟಕ್ಕನೇ ಅವಳ ಮೂಗು. ಬೆಳಿಗ್ಗೆ ಕೆಲ್ಸ ಶುರು ಮಾಡೋ ಮುಂಚೆ ಒಂದೊಂದೇ ಕ್ಯಾನು ಮೂಸಿ ಕೊಡೋಳು. ನಾವೆಲ್ಲ ತಮಾಷೆ ಮಾಡ್ತಿದ್ವಿ, ಅಡುಗೆ ರುಚಿ ನೋಡ್ತಿದೀಯೇನೇ ಅಂತ."

ಅವನು ಲಕೋಟೆಯ ಅಂಚನ್ನು ಒತ್ತಿ ಒತ್ತಿ ಹಿಡಿದ. ಆಗಲೇ ಅಂಟಿ ಕೂತಿದ್ದರೂ.

*

ಖರೀದಿ ಅಧಿಕಾರಿಯ ಕೋಣೆಯಲ್ಲಿ ದೀಪವಿರಲಿಲ್ಲ. ಮೇಜನ್ನು ಕಿಟಕಿಗೆ ತಾಗಿಸಿ ಹಗಲ ಬೆಳಕಿನಲ್ಲೇ ಬರೆಯುತ್ತಿದ್ದರು. ಸಣಕಲು ಮೈ, ತೋಳಿನ ಅಂಚು ಸವೆದ ಅಂಗಿ. ಕಪಾಟಿನ ಮೇಲೆ ಒಂದು ಫಲಕ, ಅದರ ಮೇಲೂ ಎಲೆ. ಕಳೆದ ವರ್ಷ ನಗರಸಭೆಗೆ ಬಂದ ಪರಿಸರ ಬಹುಮಾನ.

ಆಕೆ ಕ್ಯಾನನ್ನು ಮೇಜಿನ ಮೇಲೆ, ಸರಿಯಾದ ಮಗ್ಗುಲಿಗೆ ಇಟ್ಟಳು. ಎಲೆ ತಲೆಕೆಳಗಾಯಿತು.

ಅವರು ಅದನ್ನು ನೋಡಿದರು. ಪೆನ್ನಿನ ಮುಚ್ಚಳ ಹುಡುಕಿದರು. ಅದು ಅವರ ಎಡಗೈಯಲ್ಲೇ ಇತ್ತು.

"ಎಲ್ಲಿ ಸಿಕ್ತು?"

"ಎಲ್ಲಿ ಕಳ್ಕೊಂಡಿದ್ರಿ?"

"ನಾನು..." ಅವರು ಕುರ್ಚಿ ತೋರಿಸಿದರು. "ಕೂತ್ಕೊಳ್ಳಿ."

"ನಿಂತೇ ಇರ್ತೀನಿ. ಚೀಟಿಯ ಕೆಳಗೆ ಆಸಿಡ್ ಗುರುತಿದೆ, ಮೇಲೆ ಎಲೆ ಇದೆ. ಈ ಎಲೆ ನಿಮ್ಮ ಡ್ರಾಯರಿಂದು. ಅಂಟಿಸಿದ್ದು ಯಾರು, ಸಾರ್?"

ಹೊರಗೆ ಯಾರೋ ಸೈಕಲ್ಲಿನ ಸ್ಟ್ಯಾಂಡು ಹಾಕಿದ ಸದ್ದು. ಖರೀದಿ ಅಧಿಕಾರಿ ಅದು ಮುಗಿಯುವವರೆಗೆ ಕಾದರು.

"ನಾನೇ."

ಇಷ್ಟು ಬೇಗ ಬರುತ್ತದೆಂದು ಆಕೆ ಎಣಿಸಿರಲಿಲ್ಲ. ಕುರ್ಚಿ ಎಳೆದು ಕೂತಳು.

"ಹಳೇ ಆಸಿಡ್ ಸ್ವಲ್ಪ ಉಳಿದಿತ್ತು. ಕೊಟ್ಟವರು ವಾಪಸ್ ತಗೊಳ್ಳಲ್ಲ ಅಂದ್ರು. ಚರಂಡಿಗೆ ಸುರಿದುಬಿಡಿ ಸಾರ್, ಯಾರು ನೋಡ್ತಾರೆ ಅಂದ್ರು ನಮ್ಮವರೇ. ಆ ಚರಂಡಿ ಹೋಗಿ ಸೇರೋದು ಕೆರೆಗೆ. ಆ ಕೆರೇಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದ್ದನ್ನ ನೋಡಿದೋನು ನಾನು. ಕೈ ಬರ್ಲಿಲ್ಲ."

"ಕೈ ಬರ್ಲಿಲ್ಲ. ಸರಿ. ಎಲೆ ಅಂಟಿಸೋಕೆ ಬಂತು."

ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಮಾರನೇ ದಿನ ಬಹುಮಾನದ ಸಮಿತಿಯವ್ರು ಬರೋರಿದ್ರು. ಉಗ್ರಾಣ ಪೂರ್ತಿ ನೋಡ್ತಾರೆ. ಒಂದು ಕೆಂಪು ಗುರುತು ಕಂಡಿದ್ರೂ ಎಲ್ಲ ನೀರಲ್ಲಿ ಹೋಮ. ನಗರಸಭೆ ಅಧ್ಯಕ್ಷರು ಮೊದಲಿಂದ್ಲೂ ಕಾಯ್ತಿದ್ರು, ಈ ಹಸಿರಿನ ಹುಚ್ಚು ಯಾವಾಗ ಮುಗಿಯುತ್ತೆ ಅಂತ. ಒಂದು ದಿನದ ಮಟ್ಟಿಗೆ ಅಂತ ಅಂಟಿಸಿ ಅಟ್ಟದ ಮೇಲೆ ಇಟ್ಟೆ. ಸಂಜೆ ಬೆಳಕು ಹೋಗಿತ್ತು, ದೀಪ ಹಾಕ್ಲಿಲ್ಲ. ಎಲೆ ತಲೆಕೆಳಗಾದ್ದು ಈಗ್ಲೇ ನೋಡ್ತಿರೋದು."

"ಸಮಿತಿಯವ್ರು ಹೋದ್ಮೇಲೆ?"

"ಬಹುಮಾನ ಬಂತು."

"ಆಮೇಲೆ?"

"ಹಾರ ಹಾಕಿದ್ರು. ಬೇರೆ ಊರವ್ರು ನೋಡೋಕೆ ಬಂದ್ರು. ಭಾಷಣ ಮಾಡಿಸಿದ್ರು." ಅವರು ಫಲಕದತ್ತ ನೋಡಲಿಲ್ಲ. "ಮರೆತೆ, ಮೇಡಂ. ಬೇರೆ ಯಾವ ಕಾರಣಾನೂ ಇಲ್ಲ. ಇದ್ದಿದ್ರೆ ಚೆನ್ನಾಗಿರ್ತಿತ್ತು. ಬರೀ ಮರೆತೆ."

ಇನ್‌ಸ್ಪೆಕ್ಟರಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

"ದೊಡ್ಡಕ್ಕ ಸತ್ತ ದಿನ ನಿಮಗೆ ನೆನಪಾಯ್ತು."

"ಆಸಿಡ್ ಅಂತ ಕೇಳಿದ ಗಳಿಗೇಲೇ. ಉಗ್ರಾಣಕ್ಕೆ ಓಡಿದೆ. ಅಟ್ಟ ಖಾಲಿ. ಯಾವಾಗ ಇಳಿಸಿದ್ರು, ಯಾರು ಇಳಿಸಿದ್ರು, ಒಂದೂ ಗೊತ್ತಿಲ್ಲ."

"ಆದ್ರೂ ನೋಟಿಸು ಹಾಕೋಕೆ ಬಿಟ್ರಿ. ಸತ್ತವಳ ತಲೆಗೆ ಕಟ್ಟೋಕೆ ಬಿಟ್ರಿ."

ಅವರು ಮೇಜಿನ ಅಂಚನ್ನು ಬೆರಳಿನಿಂದ ಒರೆಸಿದರು. ಆಮೇಲೆ ಬಂದ ಸ್ವರ ಬೋಧನೆಯ ಸ್ವರವಲ್ಲ, ಕಚೇರಿಯವರು ಯಾರೂ ಕೇಳಿರದ ಸ್ವರ.

"ಈ ನೀತಿ ಶುರುವಾದದ್ದು ಯಾರಿಂದ ಗೊತ್ತಾ ನಿಮಗೆ? ದೊಡ್ಡಕ್ಕನಿಂದ. ಒಂದು ದಿನ ಈ ಮೇಜು ಒರೆಸ್ತಾ ಇದ್ಲು. ಕೈ ನೋಡಿದೆ. ಬೆರಳ ಸಂದಿ ಎಲ್ಲ ಸುಟ್ಟು ಸುಲಿದಿತ್ತು. ಏನಮ್ಮ ಇದು ಅಂದೆ. ಕೈ ಬಿಡಿ ಸಾರ್, ಮೂಗೇ ಹೋಗಿದೆ ಅಂತ ನಕ್ಕಳು. ಆಮೇಲೆ, ನಂದು ಹೋದ್ರೆ ಹೋಗ್ಲಿ, ನನ್ನ ತಂಗೀದು ಉಳಿಸ್ಕೊಡಿ ಸಾರ್ ಅಂದ್ಳು. ಅಷ್ಟೇ ಕೇಳಿದ್ದು ಅವ್ಳು. ಆ ರಾತ್ರಿ ಕೂತು ಮೊದಲ ಕರಡು ಬರೆದೆ."

ಅವರು ಮೇಜಿನ ಮೇಲಿನ ಕಾಗದಗಳನ್ನು ಅಂಚು ಕೂಡಿಸಿ ಜೋಡಿಸಿದರು.

"ನಾನು ಬಾಯಿ ಬಿಟ್ರೆ ಅಧ್ಯಕ್ಷರು ಸೋಮವಾರದ ಸಭೇಲಿ ನೀತೀನೇ ರದ್ದು ಮಾಡ್ತಾರೆ. ನೋಡಿ, ಹಸಿರು ಅಂತ ಹೋಗಿ ಹೆಣ ಬಿತ್ತು ಅಂತಾರೆ. ಮತ್ತೆ ಆಸಿಡ್ ಬರುತ್ತೆ. ಮತ್ತೆ ಆ ಹೆಂಗಸರ ಕೈ ಸುಡುತ್ತೆ. ಸತ್ತವಳಿಗೆ ಹೆಸರೊಂದು ತಾನೇ ಹೋಗೋದು, ಬದುಕಿರೋರಿಗೆ ಉಸಿರು ಉಳೀಲಿ ಅಂತ ಲೆಕ್ಕ ಹಾಕಿದೆ."

"ಆ ಹೆಸರೂ ನಿಮ್ಮದಲ್ಲ, ಸಾರ್, ಲೆಕ್ಕಕ್ಕೆ ಹಿಡಿಯೋಕೆ."

"ಗೊತ್ತು," ಎಂದರು ಅವರು. "ಎಲೆ ಇದ್ರೆ ಹೆದರಬೇಡಿ ಅಂತ ಅವರನ್ನೆಲ್ಲ ಕೂರಿಸ್ಕೊಂಡು ಕಲಿಸಿದೋನೂ ನಾನೇ. ಅವ್ಳಿಗೆ ಓದೋಕೆ ಬರ್ತಿರ್ಲಿಲ್ಲ. ಎಲೆ ನೋಡಿ ಸುರಿದ್ಲು."

"ಕ್ಯಾನಿನಲ್ಲಿ ಇರೋದು ಆಸಿಡ್ ಅಂತ ಬೇರೆ ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ. ಎಲೆಯ ಕೆಳಗೆ ಏನಿದೆ ಅಂತ ಗೊತ್ತಿದ್ದದ್ದು ಪ್ರಪಂಚದಲ್ಲಿ ನನಗೊಬ್ಬನಿಗೆ."

"ಇನ್ನೂ ಎಷ್ಟು ಕ್ಯಾನು ಹೀಗಿವೆ?"

"ಇದೊಂದೇ. ಆಣೆ ಮಾಡಿ ಹೇಳ್ತೀನಿ. ಬೇಕಾದ್ರೆ ಎಲ್ಲಾನೂ ಪರೀಕ್ಷೆ ಮಾಡಿಸಿ. ಅದಾಗೋವರ್ಗೆ ಆ ಹೆಂಗಸರಿಗೆ ಯಾವ ಕ್ಯಾನನ್ನೂ ಮುಟ್ಬೇಡಿ ಅಂತ ಹೇಳ್ಬಿಡಿ. ಅವ್ರ ಹತ್ರ ಕೈಗವಸು ಕೂಡ ಇಲ್ಲ. ಆಸಿಡ್ ಬದಲು ಹೊಸ ದ್ರವ ಬಂದ ದಿನವೇ ಕೈಗವಸು ತರಿಸೋದು ನಿಲ್ಲಿಸಿದೆ. ರಬ್ಬರೂ ಕಸ ತಾನೇ. ಬರಿಗೈಲಿ ಮುಟ್ಟಬಹುದಾದ್ದು ಅಂತಾನೇ ಅದನ್ನ ಆರಿಸಿದ್ದು."

ಅವರು ಎದ್ದು ಡ್ರಾಯರಿನಿಂದ ಎಲೆಗಳ ಸುರುಳಿ ತೆಗೆದು ಆಕೆಯ ಮುಂದೆ ಇಟ್ಟರು. ಕಿಟಕಿ ಮುಚ್ಚಿದರು. ಅಂಗಿಯ ಸವೆದ ತೋಳನ್ನು ಒಳಗೆ ಮಡಚಿಕೊಂಡರು.

"ನಡೀರಿ, ಬರೆದುಕೊಡ್ತೀನಿ. ಹಾಳೆಯ ಒಂದೇ ಮಗ್ಗುಲಿಗೆ ಸಾಕಾಗುತ್ತೆ."

*

ಪೇದೆಯನ್ನು ಕರೆಸಿ ಖರೀದಿ ಅಧಿಕಾರಿಯನ್ನೂ ಕ್ಯಾನನ್ನೂ ಅವನ ಜೊತೆ ಕಳಿಸಿದ ಮೇಲೆ ಇನ್‌ಸ್ಪೆಕ್ಟರಮ್ಮ ಮಾಡಿದ ಮೊದಲ ಕೆಲಸ ಮೆಟ್ಟಿಲ ಬಳಿ ಹೋಗಿ ನೋಟಿಸನ್ನು ಕಿತ್ತದ್ದು. ನಾಲ್ಕೂ ಮೂಲೆ ಗಟ್ಟಿಯಾಗಿ ಅಂಟಿದ್ದವು. ಉಗುರು ನೊಂದಿತು. ಗೋಡೆಯ ಸುಣ್ಣವೂ ಸ್ವಲ್ಪ ಎದ್ದು ಬಂತು.

ಜವಾನ ಎದ್ದು ನಿಂತು ನೋಡುತ್ತಿದ್ದ. ಮೇಷ್ಟ್ರು ಪೇದೆಯ ಜೊತೆ ಹೋದದ್ದನ್ನು ಅವನೂ ಕಂಡಿದ್ದ. ಏನಾದರೂ ತಮಾಷೆ ಹೇಳಬೇಕೆಂದು ಬಾಯಿ ತೆರೆದ. ಅದು ಬರಲಿಲ್ಲ.

"ಹಿಂದಿನ ಮಗ್ಗುಲು ಖಾಲಿ ಇದೆ, ಮೇಡಂ," ಎಂದ ಕೊನೆಗೆ. ಕಣ್ಣು ಒರೆಸಿಕೊಂಡ.

ಹಾಳೆಯನ್ನು ಮಡಚಿ ಹಿಡಿದು ಆಕೆ ಕೆಳಗಿಳಿದಳು. ಸತ್ತವಳು ತಿರುಗಿ ಬರುವುದಿಲ್ಲ. ಆದರೂ ಇದೊಂದನ್ನು ತಂಗಿಯ ಕೈಗೆ ಕೊಡಬಹುದು. ಬೇರೇನೂ ಬೇಡ ಎಂದಿದ್ದಳಲ್ಲ. ಈ ಕೇಸಿನಲ್ಲಿ ಒಬ್ಬರಿಗಾದರೂ ಕೇಳಿದ್ದು ಸಿಗುತ್ತಿದೆ ಎಂದು ಆಕೆಯ ಹೆಜ್ಜೆ ಸ್ವಲ್ಪ ಹಗುರಾಯಿತು.

ಪುಟ್ಟಕ್ಕ ಬಾಗಿಲಿಗೆ ಬೆನ್ನು ಹಾಕಿ ಇನ್ನೂ ನಲ್ಲಿಯ ಮುಂದೆಯೇ ನಿಂತಿದ್ದಳು. ಗೂಟಗಳೆಲ್ಲ ತುಂಬಿದ್ದವು, ಒಂದನ್ನು ಬಿಟ್ಟು. ತೊಳೆಯಲು ಯಾವ ಕ್ಯಾನೂ ಉಳಿದಿರಲಿಲ್ಲ. ಬರಿಗೈಯನ್ನೇ ನೀರಿಗೆ ಹಿಡಿದಿದ್ದಳು.

"ಪುಟ್ಟಕ್ಕ, ನೋಟಿಸು ಕಿತ್ತೆ ನೋಡಮ್ಮ. ನಿಮ್ಮಕ್ಕನ ತಪ್ಪಿಲ್ಲ ಅಂತ..."

ಆಕೆಯ ಕಣ್ಣು ಕಿಟಕಿಯ ಕಡೆ ಹೋಯಿತು.

ಕಿಟಕಿಯ ಸರಳಿನಲ್ಲಿ ರಬ್ಬರ್ ಕೈಗವಸು ಜೋತಾಡುತ್ತಿತ್ತು. ಒಂದರ ಬೆರಳ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅದರ ಪಕ್ಕದಲ್ಲೇ ಖಾಲಿ ಗೂಟ.

ಅಷ್ಟೊಂದು ಕ್ಯಾನುಗಳನ್ನು ಅದೇ ತಣ್ಣೀರಿನಲ್ಲಿ ಬರಿಗೈಯಲ್ಲಿ ತೊಳೆದವಳು, ಒಂದೇ ಒಂದಕ್ಕೆ ಕೈಗವಸು ಹಾಕಿಕೊಂಡಿದ್ದಳು. ಆ ಒಂದಕ್ಕೆ. ಎಲ್ಲವುಗಳ ಮೇಲೂ ಎಲೆ ಇತ್ತಲ್ಲ.

ಗೊತ್ತಿದ್ದದ್ದು ಪ್ರಪಂಚದಲ್ಲಿ ನನಗೊಬ್ಬನಿಗೆ ಎಂದಿದ್ದರು ಖರೀದಿ ಅಧಿಕಾರಿ. ದೊಡ್ಡಕ್ಕ ಯಾರ ಮೂಗನ್ನು ಉಳಿಸಿಕೊಡಿ ಎಂದು ಕೇಳಿದ್ದಳೋ, ಆ ಮೂಗು ಉಳಿದೇ ಇತ್ತು.

ಇನ್‌ಸ್ಪೆಕ್ಟರಮ್ಮನ ಕೈಯಲ್ಲಿದ್ದ ಹಾಳೆ ಸಣ್ಣಗೆ ಸದ್ದು ಮಾಡಿತು.

"ಕ್ಯಾನು ಮೂಸಿ ಕೊಡೋಳು ನೀನೇ ಅಂತೆ," ಎಂದಳು, ಮೆಲ್ಲಗೆ.

ನೀರು ಹರಿಯುತ್ತಿತ್ತು.

"ಅವತ್ತು ಬೆಳಿಗ್ಗೆಯೂ ಮೂಸಿ, ಗೊತ್ತಿದ್ದೂ ಕೊಟ್ಯಾ? ಇಲ್ಲ, ಅವತ್ತು ಮೂಸದೆ ಕೊಟ್ಟು, ಅಕ್ಕ ಹೋದ ಮೇಲೆ ಗೊತ್ತಾಯ್ತಾ? ಯಾವುದಾದ್ರೂ ಸರಿ. ಇಷ್ಟು ದಿನ ಆ ಕ್ಯಾನನ್ನ ಎಲ್ಲಿಟ್ಟಿದ್ದೆ, ಪುಟ್ಟಕ್ಕ? ಅದೊಂದು ತೋರಿಸಿದ್ದಿದ್ರೆ ಈ ಹಾಳೆ ಮಾರನೇ ದಿನವೇ ಹೋಗ್ತಿತ್ತಲ್ಲ."

ಪುಟ್ಟಕ್ಕನ ಭುಜ ಒಮ್ಮೆ ಮೇಲೆದ್ದು ಇಳಿಯಿತು. ಅವಳು ಕೈಯನ್ನು ನೀರಿನಿಂದ ಈಚೆಗೆ ತೆಗೆಯಲಿಲ್ಲ. ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ನಾನು ಬೈಯೋಕೆ ಬಂದಿಲ್ಲ. ಹಿಡಿಯೋಕೂ ಬಂದಿಲ್ಲ, ಇನ್ನೂ." ಇನ್‌ಸ್ಪೆಕ್ಟರಮ್ಮ ಹೊಸ್ತಿಲು ದಾಟಿ ಒಳಗೆ ಒಂದು ಹೆಜ್ಜೆ ಇಟ್ಟಳು. "ನಲ್ಲಿ ನಿಲ್ಲಿಸಿ ಒಂದ್ಸಲ ಈ ಕಡೆ ತಿರುಗಮ್ಮ."

ನೀರು ಹರಿಯುತ್ತಲೇ ಇತ್ತು.